ಮನೆ ಇರುವವನ ವಿಮೆ

ಓಹಾಯೋದ ಟೈರ್ ಅಂಗಡಿಯೊಂದರಲ್ಲಿ ಸರದಿಗಾಗಿ ಕಾಯುತ್ತಿದ್ದ ವರ್ನಾಗೆ ಎದುರು ಬೆಂಚಿನ ಅಕ್ಕ ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ತಮ್ಮ ಆಗಷ್ಟೇ ಫೋನ್ ಇಟ್ಟು ಮುಖ ಒರೆಸಿಕೊಂಡಿದ್ದ.

"ಏನಂದ್ರು ಲೋವೆಲ್? ಬೇಗ ಬಾಯಿ ಬಿಡೋ."

"ವಿಮೆಯವರೇ ಪೂರ್ತಿ ಕೊಡ್ತಾರಂತೆ, ನೋರೀನ್. ನನ್ನ ಪಿಕಪ್ ಗಾಡಿ ಗುದ್ದಿದ ಕಾರಲ್ಲಿದ್ದ ಆ ಹೆಂಗಸಿನ ಸೊಂಟದ ಆಪರೇಷನ್ನು, ಆಸ್ಪತ್ರೆ, ಎಲ್ಲಾ ಸೇರಿ ಎಂಬತ್ತೆರಡು ಸಾವಿರ ಡಾಲರ್. ಕೇಸು ಹಾಕಲ್ಲ ಅಂತ ಸಹಿ ಮಾಡಿದ್ಲಂತೆ."

"ಹಾಗಾದ್ರೆ ಮನೆ?"

"ಮನೆ ಉಳೀತು."

"ಅಬ್ಬಾ! ಕೆಂಪು ದೀಪ ನೋಡದೆ ನುಗ್ಗಿದೋನು ನೀನು, ಮೂರು ತಿಂಗಳು ನಿದ್ದೆ ಕೆಟ್ಟಿದ್ದು ನನಗೆ."

"ನಾನೋ, ಫುಲ್ ಕವರೇಜ್ ಇದೆ ಅಂತ ಎದೆ ಉಬ್ಬಿಸ್ಕೊಂಡು ತಿರುಗ್ತಿದ್ದೆ."

"ಅದು ನಿನ್ನ ಪಿಕಪ್‌ಗೆ ಕಣೋ. ನೀನು ಗುದ್ದಿದೋರಿಗೆ ಅಂತ ಮೊದ್ಲು ಇದ್ದಿದ್ದು ಸರ್ಕಾರ ಹೇಳಿದ ಕನಿಷ್ಠ, ಇಪ್ಪತ್ತೈದು ಸಾವಿರ. ಸ್ವಂತ ಮನೆ ಇರೋನಿಗೆ ಅದು ಸಾಲುತ್ತಾ? ಸಾಲದೆ ಉಳಿದಿದ್ದಕ್ಕೆ ಕೋರ್ಟು ಮನೆಗೇ ಕೈ ಹಾಕುತ್ತೆ."

"ಆಕ್ಸಿಡೆಂಟಿಗೆ ಮುಂಚೆನೇ ಲಕ್ಷಕ್ಕೆ ಏರಿಸಿದ್ನಲ್ಲ ಮಾರಾಯ್ತಿ!"

"ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ನಾನು ಬಾಯಿ ಮುಚ್ಚಲಿ ಅಂತ ಏರಿಸ್ದೆ ನೀನು."

"ತಿಂಗಳಿಗೆ ಹನ್ನೊಂದು ಡಾಲರ್ ಜಾಸ್ತಿ. ನಿನ್ನ ಬಾಯಿಗೆ ಅಗ್ಗ ಅನ್ಕೊಂಡೆ."

"ನಾನು ಮುಚ್ಚಿದ್ನಾ?"

"ಎಲ್ಲಿ!"

ಇಬ್ಬರೂ ನಕ್ಕರು. ನಗುತ್ತಲೇ ನೋರೀನ್ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಪಿಕಪ್ ಸಿದ್ಧವಾಗಿದೆಯೆಂದು ಕೌಂಟರಿನವನು ಕೂಗಿದ.

"ಈಗ ಮೂರು ಲಕ್ಷಕ್ಕೆ ಏರಿಸು," ಎಂದಳು ನೋರೀನ್, ಎದ್ದು ನಿಂತು. "ಆ ಕಾರಲ್ಲಿ ಇನ್ನೂ ಮೂರು ಜನ ಕೂತಿದ್ದಿದ್ರೆ?"

ಈ ಸಲ ಲೋವೆಲ್ ಎಷ್ಟಾಗುತ್ತದೆಂದು ಕೇಳಲಿಲ್ಲ. ಅಕ್ಕನಿಗಾಗಿ ಬಾಗಿಲು ಹಿಡಿದು ನಿಂತು, "ಆ ವಿಮೆ ಏಜೆಂಟನ ಆಫೀಸು ಐದಕ್ಕೇ ಮುಚ್ತಾರಾ?" ಎಂದ.