ಹಳೇ ಕಾಲುವೆಗೆ ಕಿವಿಗೊಟ್ಟ ಸರಳು

ಕಿವಿ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಯುತ್ತಿದ್ದೆ. ನನ್ನ ಒಂದು ಕಿವಿಗೆ ಹತ್ತಿ ಇಟ್ಟಿದ್ದರು, ಇನ್ನೊಂದು ಚೆನ್ನಾಗಿಯೇ ಇತ್ತು. ಎದುರಿನ ಬೆಂಚಿನಲ್ಲಿ ನನಗೆ ಗುರುತಿಲ್ಲದ ಅಕ್ಕ, ತಂಗಿ ಮಾತಾಡುತ್ತಿದ್ದರು. ಪಕ್ಕದಲ್ಲಿ ಅಕ್ಕನ ಗಂಡ, ಉದ್ದನೆಯ ಕಬ್ಬಿಣದ ಸರಳನ್ನು ನೆಲಕ್ಕೂರಿ ಅದರ ತುದಿಗೆ ಗದ್ದ ಆನಿಸಿ ಕೂತಿದ್ದರು.

"ಭಾವ ಇದನ್ನ ಇಲ್ಲಿಗೂ ತಂದ್ರಾ ಅಕ್ಕ?"

"ನೀರಿನ ಇಲಾಖೆಯಲ್ಲಿ ಮೂವತ್ತು ವರ್ಷ ಅದೇ ಅವರ ಕಿವಿ. ಒಂದು ತುದಿ ನೆಲಕ್ಕೆ, ಇನ್ನೊಂದು ಹಲ್ಲಿಗೆ. ಪೈಪು ಎಲ್ಲಿ ಸೋರ್ತಿದೆ ಅಂತ ಹೇಳಿಬಿಡೋರು."

"ಈಗ ಪಕ್ಕದಲ್ಲಿ ಕೂತು ಮಾತಾಡಿದ್ರೂ ಕೇಳಲ್ವಲ್ಲ."

"ನಾನು ಊಟಕ್ಕೆ ಕರೆದ್ರೂ ಕೇಳಲ್ಲ. ಆದ್ರೆ ಹೋದ ವಾರ ಪೇಟೆ ಬೀದಿ ಅಗೆದಾಗ ಇಟ್ಟಿಗೆ ಕಮಾನು ಸಿಕ್ತಲ್ಲ?"

"ಇನ್ನೂರು ವರ್ಷದ ಕಾಲುವೆಯಂತೆ. ಆಗ ಊರಿಗೆಲ್ಲ ಅದರದ್ದೇ ನೀರಂತೆ."

"ಹ್ಞೂಂ. ಎಂಜಿನಿಯರು, ಅದು ಬತ್ತಿ ಯಾವ ಕಾಲವಾಯ್ತೋ, ಕಾಂಕ್ರೀಟು ಸುರೀರಿ ಅಂದ. ಇವರು ಸರಳು ಕಚ್ಚಿಕೊಂಡು ಅಲ್ಲೇ ಮಂಡಿಯೂರಿದ್ರು. ಹರೀತಿದೆ ಅಂದ್ರು."

"ನಂಬಿದ್ರಾ?"

"ಕಿವುಡ ಮುದುಕ ಅಂತ ನಕ್ರು. ಇವರು ಕಾಂಕ್ರೀಟು ಲಾರಿ ಮುಂದೆ ಕೂತುಬಿಟ್ರು. ವಿಧಿಯಿಲ್ಲದೆ ನಾಲ್ಕು ಇಟ್ಟಿಗೆ ತೆಗೆದ್ರೆ ಮೊಣಕಾಲು ಮಟ್ಟ ನೀರು, ಕನ್ನಡಿ ಥರ."

"ಅದನ್ನ ಮುಚ್ಚಲ್ಲ ತಾನೇ?"

"ಮುಚ್ಚೋದೆಲ್ಲಿ ಬಂತು, ರಿಪೇರಿ ಮಾಡ್ತಿದ್ದಾರೆ. ಎಂಜಿನಿಯರೇ ಮನೆಗೆ ಬಂದಿದ್ದ, ಸರಳು ಹಿಡಿಯೋದು ಕಲಿಸಿ ಅಂತ. ಅವನು ಕೇಳೋ ಪ್ರಶ್ನೆ ಇವರಿಗೆ ಕೇಳಿಸಬೇಕಲ್ಲ, ಅದಕ್ಕೇ ಇಲ್ಲಿಗೆ ಬಂದಿದ್ದು."

ನರ್ಸು ಬಾಗಿಲಲ್ಲಿ ನಿಂತು ಮೂರು ಸಲ ಕರೆದಳು. ಅಕ್ಕನ ಗಂಡ ಸರಳಿಗೆ ಗದ್ದ ಆನಿಸಿದ್ದವರು ಅಲುಗಲಿಲ್ಲ. ಅಕ್ಕ ಹಿಮ್ಮಡಿಯಿಂದ ನೆಲಕ್ಕೆ ಮೆಲ್ಲಗೆ ಎರಡು ಸಲ ತಟ್ಟಿದರು.

"ಬಂದೆ ಕಣೇ," ಎನ್ನುತ್ತ ಅವರು ಸರಳೆತ್ತಿಕೊಂಡು ಒಳಗೆ ಹೊರಟರು, "ಅಷ್ಟು ಜೋರಾಗಿ ಯಾಕೆ ಕೂಗ್ತೀಯ?"