ಸೋದರತ್ತೆ ಕಿವಿಯಲ್ಲಿ ಊದಿದ ಹೆಸರು

ನೋಡಿ, ಒಂದು ಊರು. ಆ ಊರಲ್ಲೊಬ್ಬ ಸಾಹುಕಾರ. ಹೊಲ ಇತ್ತು, ಎತ್ತು ಇತ್ತು, ಅಟ್ಟದ ಮೇಲೆ ಬೆಲ್ಲ ಇತ್ತು, ಮನೆ ತುಂಬ ಓಡಾಡುವ ಮೂವರು ಹೆಣ್ಣುಮಕ್ಕಳಿದ್ದರು. ಇಲ್ಲದ್ದು ಒಂದೇ, ಗಂಡುಮಗು. ಇದ್ದದ್ದನ್ನೆಲ್ಲ ಬಿಟ್ಟು ಇಲ್ಲದ್ದೊಂದನ್ನೇ ನೆನೆಯುವುದು ನಮ್ಮೆಲ್ಲರ ರೋಗ ತಾನೇ? ಅವನಿಗೂ ಇತ್ತು.

ನಾಲ್ಕನೆಯ ಹೆರಿಗೆಯಾಯಿತು. ಮತ್ತೆ ಹೆಣ್ಣು. ಮುಷ್ಟಿ ಬಿಗಿಹಿಡಿದು ಅಳುವ, ದುಂಡುದುಂಡಗಿನ ಹೆಣ್ಣು. ಸಾಹುಕಾರ ಕೂಸಿನ ಮುಖವನ್ನೂ ನೋಡದೆ ಹೆಸರು ತೀರ್ಮಾನಿಸಿಬಿಟ್ಟ: ಸಾಕವ್ವ. ಹೆಣ್ಣು ಇನ್ನು ಸಾಕು ಎಂದು ದೇವರಿಗೆ ಗೊತ್ತಾಗಲಿ ಅಂತ. ದೇವರಿಗೆ ಹೇಳುವುದನ್ನು ಗುಡಿಗೆ ಹೋಗಿ ಹೇಳಬಹುದಲ್ಲ? ಕೂಸಿನ ಹಣೆಗೆ ಯಾಕೆ ಅಂಟಿಸಬೇಕು?

ಅವನ ಅಕ್ಕನ ಹೆಸರೂ ಸಾಕವ್ವ. ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದಳೆಂದು ಅವರಪ್ಪ ಇಟ್ಟ ಹೆಸರು. ಆಕೆಯ ಬೆನ್ನಿಗೇ ಈತ ಹುಟ್ಟಿದ. ಹೆಸರು ಫಲಿಸಿತು ಎಂದು ಮನೆಯೆಲ್ಲ ನಂಬಿತ್ತು.

ತೊಟ್ಟಿಲಿಗೆ ಹಾಕುವ ದಿನ ಬಂತು. ನಿಮಗೆ ಗೊತ್ತೇ ಇದೆ, ಕೂಸಿನ ಕಿವಿಯಲ್ಲಿ ಹೆಸರು ಊದಬೇಕಾದವಳು ಸೋದರತ್ತೆ. ಆಕೆ ಊದಿದ್ದೇ ಹೆಸರು. ಅಲ್ಲಿ ಬೇರೆಯವರ ಮಾತು ನಡೆಯುವುದಿಲ್ಲ. ಅಕ್ಕ ಕೂಸಿನ ತಲೆಗೆ ಹೊಸ ಕುಲಾವಿ ಹಿಡಿದು ಬಂದಳು.

"ಅಕ್ಕಾ, ನಿನ್ನ ಹೆಸರ ಇಡಾಕತ್ತೇವಿ. ಭಾಳ ಗುಣದ ಹೆಸರದು" ಅಂದ ತಮ್ಮ.

"ಗುಣ ಯಾರಿಗಪಾ ಹತ್ತಿದ್ದು? ನನಗೋ, ನಿನಗೋ?"

"ಹಂಗಲ್ಲಬೇ. ನೀ ಹುಟ್ಟಿದ ಮ್ಯಾಲೇ ಅಲ್ಲೇನು ನಾ ಹುಟ್ಟಿದ್ದು?"

"ಹೌದು. ನನ್ನ ಹೆಸರು ನನ್ನ ಕರಿಯಾಕ ಇಟ್ಟದ್ದಲ್ಲ, ನಿನ್ನ ಕರಿಯಾಕ ಇಟ್ಟದ್ದು. ಹೆಣ್ಣು ನೋಡಾಕ ಬಂದವ್ರು ಹೆಸರ ಕೇಳಿದ್ರು. ಅವ್ವ ಹೇಳಿದ್ಲು. 'ನಿಮಗ ಸಾಕಾದದ್ದು ನಮ್ಮ ಕೊರಳಿಗೆ ಕಟ್ತೀರೇನು?' ಅಂತ ಒಬ್ಬಾಕಿ ನಕ್ಲು. ನಾನೂ ನಕ್ಕೆ. ಮತ್ತೇನ್ ಮಾಡ್ಲಿ?"

ತಮ್ಮ ತಲೆ ತಗ್ಗಿಸಿದ. ಆದರೆ ಆಸೆ ಬಿಡುತ್ತದೆಯೇ? "ಈಗ ಅದನ್ನೆಲ್ಲ ತಗೀಬ್ಯಾಡ. ಹೇಳಿದ್ದು ಊದು, ಅಷ್ಟ."

ಬಾಣಂತಿ ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಗಂಡನ ಅಕ್ಕನ ಮುಖವನ್ನೊಮ್ಮೆ ನೋಡಿದಳು, ಅಷ್ಟೇ.

ಅಕ್ಕ ತೊಟ್ಟಿಲಿಗೆ ಬಾಗಿದಳು. ಸುತ್ತ ನಿಂತ ಹೆಂಗಸರು, ಪದ್ಧತಿಯಂತೆ, ಆಕೆಯ ಬೆನ್ನಿಗೆ ಗುದ್ದಲು ಮುಷ್ಟಿ ಎತ್ತಿದರು. ಅಕ್ಕ ಕೂಸಿನ ಕಿವಿಯಲ್ಲಿ "ಕುರ್ರ್!" ಎಂದು ಊದಿ, ಹೆಸರು ಹೇಳಿ, ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಕೂಗಿದಳು: "ಬಂಗಾರೆವ್ವ!"

ಬೆನ್ನಿಗೆ ಧಬಧಬ ಗುದ್ದು ಬಿತ್ತು.

"ಏ ಅಕ್ಕಾ! ಏನ್ ಮಾಡಿದಿ! ಅದಲ್ಲ!"

"ಅದ ಹೆಸರು. ಊದಿದ್ದಾತು."

"ಇನ್ನೊಮ್ಮೆ ಊದು!"

"ಕಿವ್ಯಾಗ ಹೋದದ್ದನ್ನ ಜಗ್ಗಿ ತಗಿಯಾಕ ಬರ್ತದೇನೋ ತಮ್ಮಾ? ಬೇಕಾದ್ರ ನೀನ ಸ್ವಾದರತ್ತಿ ಆಗು. ಸೀರಿ ನಾ ಕೊಡ್ತೀನಿ."

ಮನೆಯೆಲ್ಲ ನಗು. ಸಾಹುಕಾರ ನ್ಯಾಯ ಕೇಳುವವನಂತೆ ಓಣಿಯ ಹಿರಿಮುದುಕಿಯ ಕಡೆ ತಿರುಗಿದ. ಆಕೆ ಬೊಚ್ಚುಬಾಯಿ ಒರೆಸಿಕೊಂಡು, "ಅತ್ತಿ ಊದ್ಯಾಳ, ಹೆಸರಾತು. ಗುಗ್ಗರಿ ಹಂಚ್ರೆ, ಎಷ್ಟೊತ್ತು ಕುಂದ್ರೂದು?" ಅಂದಳು.

ಬಾಣಂತಿ "ಬಂಗಾರೆವ್ವಾ" ಎಂದು ಮೆಲ್ಲಗೆ ಕರೆದು ನೋಡಿದಳು. ಇನ್ನೊಮ್ಮೆ ಕರೆದಳು, ಈ ಸಲ ಜೋರಾಗಿ. ಮೂವರು ಹುಡುಗಿಯರೂ ಸೇರಿಕೊಂಡರು. ಕೊನೆಗೆ ಸಾಹುಕಾರನೂ ಬಾಗಿ ಕರೆದ. ಕರೆದವನು ಮುಖ ನೋಡದೆ ಇರಲಾದೀತೇ? ನೋಡಿದ. ಮಗಳನ್ನು ಅವತ್ತು ಮೊದಲ ಸಲ ನೋಡಿದ. ನೋಡುತ್ತ ನಿಂತವನನ್ನು ಗುಗ್ಗರಿ ತಿನ್ನಲು ಕೈಹಿಡಿದು ಎಳೆಯಬೇಕಾಯಿತು.

"ಆಮೇಲೆ ಅವನಿಗೆ ಗಂಡು ಹುಟ್ಟಿತೇ?" ಹಿಂದೆ ಕುಳಿತ ಯಾರೋ ಪಿಸುಗುಡುತ್ತಿದ್ದೀರಿ, ನನಗೆ ಕೇಳಿಸಿತು. ನಾನು ಹೇಳುವುದಿಲ್ಲ. ಆ ಪ್ರಶ್ನೆ ಇನ್ನೂ ನಿಮ್ಮ ನಾಲಿಗೆಯ ಮೇಲಿದ್ದರೆ, ಆ ಸಾಹುಕಾರ ಯಾವುದೋ ಊರಿನವನಲ್ಲ. ಇಲ್ಲೇ, ನಿಮ್ಮ ಚಾಪೆಯ ಮೇಲೆಯೇ ಕುಳಿತಿದ್ದಾನೆ.

ಈ ಸಭೆಯಲ್ಲಿ ಸಾಕವ್ವಂದಿರಿದ್ದೀರಿ, ತಿಪ್ಪಣ್ಣಂದಿರಿದ್ದೀರಿ, ಹುಚ್ಚಪ್ಪಂದಿರಿದ್ದೀರಿ. ತಲೆ ಎತ್ತಿ ಕೂರಿ. ಕೂಸು ಬದುಕಿ ಉಳಿಯಲಿ ಎಂದು ಅಳುತ್ತಾ ಇಟ್ಟ ಹೆಸರುಗಳಿವೆ, ಬೇಸರದಿಂದ ಇಟ್ಟವೂ ಇವೆ. ಎರಡರಲ್ಲೂ ನಿಮ್ಮ ತಪ್ಪಿಲ್ಲ.

ಉಳಿದವರು ನಗಬೇಡಿ. ಸರಸ್ವತಿ ಎಂದು ಹೆಸರಿಟ್ಟು ದಿನವಿಡೀ "ಏ ದಡ್ಡಿ" ಅನ್ನುವವರು ಎಷ್ಟು ಮಂದಿ ಇದ್ದೀರಿ? ಕರಿಯಾ, ಕುಂಟಾ, ಡುಮ್ಮಿ ಎಂದು ದಿನಕ್ಕೊಂದು ನಾಮಕರಣ ಮಾಡುವವರು ನೀವೇ ಅಲ್ಲವೇ? ಅದಕ್ಕೆ ಗುಗ್ಗರಿಯೂ ಇಲ್ಲ!

ಇವತ್ತು ಮನೆಗೆ ಹೋಗಿ. ಮಗಳನ್ನು, ಸೊಸೆಯನ್ನು, ದನ ಕಾಯುವ ಆಳನ್ನೂ ಹೆಸರು ಹಿಡಿದು, ಪೂರ್ತಿಯಾಗಿ, ಪ್ರೀತಿಯಿಂದ ಕರೆಯಿರಿ. ಆ ಹೆಸರೇ ಚುಚ್ಚುವಂಥದ್ದಾದರೆ, "ನಿನ್ನನ್ನು ಏನಂತ ಕರೆಯಲಿ?" ಎಂದು ಅವರನ್ನೇ ಕೇಳಿ. ಉತ್ತರ ಬರುವತನಕ ಕಾಯಿರಿ. ಬಂದ ಮೇಲೆ ಹಾಗೆಯೇ ಕರೆಯಿರಿ. ನಾಳೆಯೂ ಹಾಗೆಯೇ, ಸಿಟ್ಟು ಬಂದ ದಿನವೂ ಹಾಗೆಯೇ.