ಬೀರುವಿನಲ್ಲಿ ಬಚ್ಚಿಟ್ಟ ದೊಡ್ಡ ಜಾಲರಿ

ಮಾನ್ಯ ಅಧ್ಯಕ್ಷರೇ, ಬೈದು ಬೈದು ನನಗೆ ಕೆಲಸ ಕಲಿಸಿದ ನಮ್ಮ ಸರ್ಜನ್ ಸಾಹೇಬರೇ, ಸಿಸ್ಟರುಗಳೇ, ಇದೇ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ಸಿಕೊಂಡು ಇವತ್ತು ಗಟ್ಟಿಮುಟ್ಟಾಗಿ ಕುರ್ಚಿ ತುಂಬಿಸಿರುವ ಸಭಿಕರೇ,

ನಾನು ಮೈಕಿನ ಮುಂದೆ ನಿಂತದ್ದು ಇದೇ ಮೊದಲು. ನನಗೇ ನಗು ಬರುತ್ತಿದೆ. ವಾರ್ಷಿಕೋತ್ಸವದಲ್ಲಿ ಆಪರೇಷನ್ ಥಿಯೇಟರಿನ ಸ್ಟೋರು ನೋಡಿಕೊಳ್ಳುವವಳಿಗೆ ಸನ್ಮಾನ ಅಂದರೆ ನಂಬಲು ಆಗುತ್ತದೆಯೇ? ಆದರೆ ಈ ಸನ್ಮಾನಪತ್ರದಲ್ಲಿ ‘ಪ್ರಾಮಾಣಿಕತೆಗಾಗಿ’ ಎಂದು ಅಚ್ಚು ಹಾಕಿಸಿದ್ದಾರೆ. ಆ ಪದಕ್ಕೆ ನಾನು ತಕ್ಕವಳಲ್ಲ. ಅದಕ್ಕೇ ಮೊದಲು ಮಾತು, ಆಮೇಲೆ ಪತ್ರ.

ತೊಡೆಸಂದಿನಲ್ಲಿ ಹೊಟ್ಟೆಯ ಗೋಡೆ ತೂತಾದರೆ ಕರುಳು ಹೊರಗೆ ಇಣುಕುತ್ತದೆ. ಅದೇ ಹರ್ನಿಯಾ. ನಮ್ಮ ಸಾಹೇಬರು ಮೂರು ಸಣ್ಣ ಕಿಂಡಿ ಮಾಡಿ, ಒಂದರಲ್ಲಿ ಕ್ಯಾಮೆರಾ ಇಳಿಸಿ, ಟಿವಿ ನೋಡುತ್ತಾ ಒಳಗಿನಿಂದ ಆ ತೂತಿನ ಮೇಲೆ ಜಾಲರಿ ಹಾಸುತ್ತಾರೆ. ಸೊಳ್ಳೆಪರದೆಯಂಥದ್ದು. ದಪ್ಪದ್ದಿದೆ, ಹಗುರದ್ದಿದೆ, ಎಡಕ್ಕೆ ಬೇರೆ, ಬಲಕ್ಕೆ ಬೇರೆ, ದೊಡ್ಡದು, ಸಣ್ಣದು. ಯಾರಿಗೆ ಯಾವುದು? ವಿಷಯ ಇರುವುದೇ ಅಲ್ಲಿ. ನನ್ನಪ್ಪ ದರ್ಜಿ. ಹರಿದ ಅಂಗಿ ತಂದವರಿಗೆ, “ತೂತಿನಷ್ಟೇ ತೇಪೆ ಹಾಕಿದ್ರೆ ಒಗೆಯೋ ಹೊತ್ತಿಗೆ ಕಿತ್ಕೊಂಡು ಬರುತ್ತೆ. ಸುತ್ತ ಎರಡು ಬೆರಳು ಜಾಸ್ತಿ ಇರಲಿ” ಎನ್ನುತ್ತಿದ್ದ. ಅಷ್ಟು ದಪ್ಪ ಪುಸ್ತಕ ಓದಿದ ಸಾಹೇಬರು ಹೇಳುವುದೂ ಅದನ್ನೇ! “ಜಾಲರಿಯ ತೂಕ ಆಮೇಲೆ ನೋಡೋಣಮ್ಮ, ಮೊದಲು ಅಗಲ.”

ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ಇಬ್ಬರಿಗೆ ಬಲಗಡೆಯ ಹರ್ನಿಯಾ ಆಪರೇಷನ್. ಮೊದಲು ಒಬ್ಬ ಬಸ್ ಡ್ರೈವರ್, ಆಮೇಲೆ ನನ್ನ ಯಜಮಾನರು. ಇವರು ಮಂಚ, ಬೀರು ಹೊರುವ ಹಮಾಲರು. ಏಳು ವರ್ಷ ಗಂಟಿನ ಮೇಲೆ ಪಟ್ಟಿ ಕಟ್ಟಿ ಮುಚ್ಚಿಟ್ಟಿದ್ದರು. ನಾನು ಅತ್ತು ಕರೆದು ಕರೆತಂದಿದ್ದೆ. ಕಪಾಟು ನೋಡಿದರೆ ಬಲಗಡೆಯ ದೊಡ್ಡ ಜಾಲರಿ ಒಂದೇ ಉಳಿದಿದೆ! ತರಿಸಲು ಮರೆತವಳು ನಾನೇ.

ಏನು ಮಾಡಿದೆ ಗೊತ್ತೇ? ಅದನ್ನು ನನ್ನ ಸ್ವಂತ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಡ್ರೈವರಿಗೆ ಮತ್ತು ಬರಿಸುವ ಮದ್ದು ಕೊಟ್ಟಾಗಿತ್ತು, ಕ್ಯಾಮೆರಾ ಇಳಿದಾಗಿತ್ತು. ಸಾಹೇಬರು, “ದೊಡ್ಡದು ಕೊಡಮ್ಮ” ಎಂದರು.

“ಮುಗಿದಿದೆ ಸಾರ್. ಸಣ್ಣದೊಂದಿದೆ.”

“ಥತ್! ಮೊದಲೇ ಹೇಳಬಾರದಾ? ಆಯ್ತು, ಇದರಲ್ಲೇ ಹೇಗೋ ನಿಭಾಯಿಸೋಣ.”

ಟಿವಿಯಲ್ಲಿ ತೂತು ಕಂಡಿತು. ಬಾಯಿ ತೆರೆದಂತೆ ಇತ್ತು. ಸಿಸ್ಟರ್ ಕೈಯಲ್ಲಿದ್ದ ಸಣ್ಣ ಪ್ಯಾಕೆಟ್ಟಿಗೂ ಆ ಬಾಯಿಗೂ ಯಾವ ಲೆಕ್ಕ? ನಾನು ಸ್ಟೋರಿಗೆ ಓಡಿ ದೇವರ ಪಟದ ಮುಂದೆ ಕೈಮುಗಿದೆ: ‘ಅಪ್ಪಾ, ಆ ಸಣ್ಣದೇ ಸಾಕಾಗುವ ಹಾಗೆ ಮಾಡು.’ ಹದಿನೆಂಟು ವರ್ಷದಿಂದ ದಿನವೂ ಅದೇ ಪಟದ ಮುಂದೆ ‘ಇಲ್ಲಿಗೆ ಬಂದವರನ್ನೆಲ್ಲ ಕಾಪಾಡು’ ಎನ್ನುವವಳು ನಾನು. ಅವತ್ತು ಕೇಳಿದ್ದೇನು? ನನ್ನ ಸುಳ್ಳಿಗೆ ಅವನು ತೇಪೆ ಹಾಕಲಿ ಎಂದು! ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಬೀಗ ತೆಗೆದೆ. ಓಡಿದೆ. ಚಪ್ಪಲಿ ಒಂದು ಕಡೆ, ನಾನೊಂದು ಕಡೆ.

“ಒಡೀಬೇಡಿ, ಆ ಪ್ಯಾಕೆಟ್ ಒಡೀಬೇಡಿ!”

“ಇದೆಲ್ಲಿಂದ ಬಂತು?” ಎಂದರು ಸಾಹೇಬರು.

“ನನ್ನ ಬೀರುವಿನಿಂದ ಸಾರ್. ಮನೆಯವರಿಗೆ ಅಂತ ಬಚ್ಚಿಟ್ಟಿದ್ದೆ.”

ಸಾಹೇಬರು ನನ್ನ ಕೈಯಿಂದ ದೊಡ್ಡದನ್ನೇ ಒಡೆಸಿ ಡ್ರೈವರಿಗೆ ಹಾಸಿದರು. ಕೊನೆಗೆ ಮತ್ತು ಕೊಡುವ ಡಾಕ್ಟರು, “ನಿನ್ನ ಗಂಡ ಪುಣ್ಯಾತ್ಮ, ಎಂಥ ಹೆಂಡ್ತಿ ಸಿಕ್ಕಿದ್ದಾಳಪ್ಪಾ!” ಎಂದರು. ಹೊಗಳಿದರೋ ಬೈದರೋ, ಇವತ್ತಿಗೂ ಕೇಳುವ ಧೈರ್ಯ ಬಂದಿಲ್ಲ.

ಹೊರಗಿದ್ದ ಯಜಮಾನರಿಗೆ ಸುದ್ದಿ ಹೇಳಿದೆ. “ಅಲ್ಲ ಕಣೇ, ಉಪವಾಸ ಕೆಡವಿ ಈಗ ಕೊಯ್ಯೋದೂ ಇಲ್ವಾ? ನಡಿ, ಎರಡು ಹೊತ್ತಿನ ಊಟ ಒಟ್ಟಿಗೆ ಬಡಿಸು!” ಹನ್ನೊಂದು ದಿನದ ನಂತರ ಅವರಿಗೂ ದೊಡ್ಡ ಜಾಲರಿಯೇ ಬಿತ್ತು. ನೀವು ಕುಳಿತಿರುವ ಕುರ್ಚಿಗಳನ್ನು ಬೆಳಗ್ಗೆ ಹೊತ್ತು ತಂದವರು ಅವರೇ. ಜೋರಾಗಿ ಒರಗಬೇಡಿ!

ಮರುದಿನವೇ ಸಾಹೇಬರು ನಿಯಮ ಮಾಡಿದರು. ಮತ್ತು ಕೊಡುವ ಮೊದಲು, ರೋಗಿ ಎಚ್ಚರ ಇರುವಾಗಲೇ, ಪ್ಯಾಕೆಟ್ ತೋರಿಸಿ ಎಷ್ಟು ಅಗಲ, ಎಷ್ಟು ಉದ್ದ, ಯಾವ ಕಡೆಯದು ಎಂದು ಗಟ್ಟಿಯಾಗಿ ಓದಬೇಕು. ಓದದೆ ಮತ್ತಿನ ಮದ್ದು ಕೊಡುವಂತಿಲ್ಲ. ಓದುವವಳು ಯಾರು? ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದ ನಾನು! ಇವತ್ತಿನ ಸನ್ಮಾನ ಆ ಓದಿಗೆ. ಅಧ್ಯಕ್ಷರೇ, ಪತ್ರದ ಆ ಒಂದು ಪದದ ಮೇಲೆ ಗೀಟು ಎಳೆದು ಕೊಟ್ಟರೆ ಕೈಚಾಚಿ ತೆಗೆದುಕೊಳ್ಳುತ್ತೇನೆ.

ಇನ್ನೊಂದೇ ಮಾತು. ಆ ಡ್ರೈವರ್ ಎರಡನೇ ಸಾಲಿನಲ್ಲಿದ್ದಾರೆ. ಯಾರೋ ಅವರಿಗೆ ಅರ್ಧ ಕತೆ ಮಾತ್ರ ಹೇಳಿದ್ದರು, ಸ್ಟೋರಿನಮ್ಮ ಓಡಿಹೋಗಿ ದೊಡ್ಡ ಜಾಲರಿ ತಂದರಂತೆ ಎಂದು. ಮೂರು ವರ್ಷದಿಂದ ತಾವು ಓಡಿಸುವ ಸಂಜೆ ಐದೂಕಾಲರ ಬಸ್ಸಿನ ಮುಂದಿನ ಸೀಟಿನಲ್ಲಿ ತಮ್ಮ ಚೀಲ ಇಟ್ಟು ನನಗಾಗಿ ಹಿಡಿದಿಡುತ್ತಾರೆ. “ಬನ್ನಿ ಅಕ್ಕ, ನಿಮ್ಮ ಸಿಂಹಾಸನ!” ಮೂರು ವರ್ಷವೂ ಕೂತಿದ್ದೇನೆ, ಮುಳ್ಳಿನ ಮೇಲೆ ಕೂತ ಹಾಗೆ.

ತಮ್ಮಾ, ಉಳಿದರ್ಧ ಈಗ ಕೇಳಿದೆಯಲ್ಲ. ಇವತ್ತೂ ಐದೂಕಾಲಿಗೆ ಗೇಟಿನ ಮುಂದೆ ನಿಂತಿರುತ್ತೇನೆ. ಚೀಲ ಎತ್ತಿದರೆ ಕೂರುತ್ತೇನೆ, ಇಲ್ಲದಿದ್ದರೆ ಕಂಬಿ ಹಿಡಿದು ನಿಲ್ಲುತ್ತೇನೆ. ಯಾವುದಾದರೂ ಸರಿ, ಇವತ್ತು ಮನಸ್ಸು ಹಗುರವಾಗಿದೆ.

ಇಷ್ಟು ಹೊತ್ತು ನನ್ನನ್ನು ಸಹಿಸಿದ ಎಲ್ಲರಿಗೂ ವಂದನೆಗಳು. ಎಲ್ಲರಿಗೂ ನಮಸ್ಕಾರ. ತಮ್ಮಾ, ನಿನಗೆ ಎಲ್ಲರಿಗಿಂತ ಮೊದಲು.